ಕೈ ತಡೆದ ಕೊಬ್ಬರಿ

ರಾಮಲಕ್ಷ್ಮಮ್ಮನಿಗೆ ಆ ಹುಡುಗಿಯಲ್ಲಿ ಮೊದಲು ಕಂಡದ್ದು ಚಪ್ಪಲಿ. ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು, ಕಾಲು ಚಾಚಿ ಕೂತು ಕೊಬ್ಬರಿ ಆರಿಸುವವರಿಗೆ ಬಂದುಹೋಗುವವರ ಮುಖಕ್ಕಿಂತ ಕಾಲೇ ಮೊದಲು ಕಾಣುತ್ತದೆ. ಕಂದು ಬಣ್ಣದ ಚಪ್ಪಲಿ. ಬಲಗಾಲಿನ ಪಟ್ಟಿಗೆ ಕಪ್ಪು ದಾರದಲ್ಲಿ ಹೊಲಿಗೆ ಹಾಕಿಸಿತ್ತು. ತಿಪಟೂರಿನಲ್ಲಿ ಹರಾಜು ಮುಗಿದ ಮಾರನೆಯ ದಿನ ಅದು, ಕಾರ್ತಿಕ ಮಾಸ, ಹೊತ್ತು ಹನ್ನೊಂದರ ಆಸುಪಾಸು. ಮಂಡಿಯ ಹಜಾರದಲ್ಲಿ ಹೊಸ ಮಾಲು ಸುರಿದಿದ್ದರು. ಆ ಚಪ್ಪಲಿ ರಾಶಿಯ ಅಂಚಿಗೆ ಬಂದು ನಿಂತದ್ದು ಅಲುಗಲಿಲ್ಲ. ಹಮಾಲರು ಚೀಲ ಹೊತ್ತು "ಸೈಡು, ಸೈಡು" ಎನ್ನುತ್ತ ಬಂದಾಗ ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಮೊದಲಿನ ಜಾಗಕ್ಕೇ ಬಂತು.

ಹತ್ತು ನಿಮಿಷ ಕಳೆದ ಮೇಲೆ ಹುಡುಗಿ ಕುಕ್ಕರಗಾಲಿನಲ್ಲಿ ಕೂತಳು. ಇಪ್ಪತ್ತೈದರೊಳಗಿನ ವಯಸ್ಸು, ತೆಳು ಮೈ, ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲೊಂದು ನೋಟುಪುಸ್ತಕ. ಚೂಡಿದಾರದ ಅಂಚು ಧೂಳಿಗೆ ತಾಗುತ್ತಿದ್ದರೂ ಎತ್ತಿ ಹಿಡಿಯಲಿಲ್ಲ. ರಾಮಲಕ್ಷ್ಮಮ್ಮ ಆಗಷ್ಟೇ ಪಕ್ಕಕ್ಕೆ ಎಸೆದಿದ್ದ ಒಂದು ಉಂಡೆ ಕೊಬ್ಬರಿಯನ್ನು ಎತ್ತಿಕೊಂಡು, ತಿರುಗಿಸಿ ತಿರುಗಿಸಿ ನೋಡಿ ಕೇಳಿದಳು:

"ಅಮ್ಮಾ, ಇದನ್ನ ಯಾಕೆ ಪಕ್ಕಕ್ಕೆ ಹಾಕಿದ್ರಿ?"

ಒಂದು ತಿಂಗಳಿಂದ ಮಂಡಿಯ ಸಾಹುಕಾರ ದಯಾನಂದ ದಿನಕ್ಕೆ ಹತ್ತು ಸಲ ಕೇಳುತ್ತಿದ್ದದ್ದು ಇದೇ ಪ್ರಶ್ನೆ. ಉತ್ತರ ಹೇಳಲಾಗದೆ ರಾಮಲಕ್ಷ್ಮಮ್ಮ ಸೋತುಹೋಗಿದ್ದಳು.

"ನಿನ್ನನ್ನ ದಯಾನಂದಣ್ಣ ಕಳಿಸಿದ್ರೇನವ್ವ? ಕಳಿಸಿದ್ರೆ ಹೇಳ್ಬುಡು, ಗುಟ್ಟೇನಿಲ್ಲ."

"ಯಾರೂ ಕಳಿಸ್ಲಿಲ್ಲ ಅಮ್ಮ. ಅವರ ಅಪ್ಪಣೆ ತಗೊಂಡು ನಾನೇ ಬಂದೆ. ನನ್ನ ಹೆಸರು ಪವಿತ್ರಾ. ಕಂದಿಕೆರೆ ನಮ್ಮೂರು."

ಪಕ್ಕದಲ್ಲಿ ಕೂತಿದ್ದ ಸುನಂದಾ ತಲೆ ಎತ್ತದೆಯೇ ಹೇಳಿದಳು: "ತಪಾಸಣೆಯೋರು ಇಷ್ಟು ಸಣ್ಣಕಿರಲ್ಲ ಕಣಕ್ಕ. ಅವ್ರಿಗೆ ಹೊಟ್ಟೆ ಇರ್ತದೆ."

ಹುಡುಗಿ ನಕ್ಕಳು. ರಾಮಲಕ್ಷ್ಮಮ್ಮ ನಗಲಿಲ್ಲ. ಅವಳ ಕೈಯಿಂದ ಕೊಬ್ಬರಿಯನ್ನು ಇಸಿದುಕೊಂಡು, ತಾನೂ ಒಮ್ಮೆ ತಿರುಗಿಸಿ ನೋಡಿದಳು. ಸಿಪ್ಪೆ ನಯವಾಗಿತ್ತು, ಬೂಷ್ಟು ಇರಲಿಲ್ಲ, ಹುಳು ಕೊರೆದ ತೂತೂ ಇರಲಿಲ್ಲ.

"ಕೈ ತಡೀತು," ಎಂದಳು. "ಅದ್ಕೇ ಹಾಕ್ದೆ. ಅದಕ್ಕಿಂತ ಇನ್ನೇನೂ ನಂಗೊತ್ತಿಲ್ಲ."

ಪವಿತ್ರಾ ಆ ಮಾತನ್ನು ನೋಟುಪುಸ್ತಕದಲ್ಲಿ ಬರೆದುಕೊಂಡಳು. ತನ್ನ ಬಾಯಿಂದ ಬಂದ ಮಾತನ್ನು ಬೇರೊಬ್ಬರು ಕಾಗದದ ಮೇಲೆ ಬರೆದುಕೊಂಡದ್ದನ್ನು ರಾಮಲಕ್ಷ್ಮಮ್ಮ ನೋಡಿದ್ದು ಅದೇ ಮೊದಲು.

ರಾಮಲಕ್ಷ್ಮಮ್ಮ ಹುಟ್ಟಿದ್ದು ಹುಳಿಯಾರಿನ ಹತ್ತಿರದ ಕೆಂಕೆರೆಯಲ್ಲಿ. ಹತ್ತೊಂಬತ್ತಕ್ಕೆ ಮದುವೆಯಾಗಿ ತಿಪಟೂರಿಗೆ ಬಂದಳು. ಗಂಡ ಚಿಕ್ಕಣ್ಣ ಮಂಡಿಗಳಲ್ಲಿ ಚೀಲ ಹೊರುವ ಹಮಾಲ. ಅವನ ಬೆನ್ನು ಗಟ್ಟಿಯಾಗಿದ್ದ ಕಾಲದಲ್ಲಿಯೂ ಮನೆಗೆ ಒಬ್ಬರ ದುಡಿಮೆ ಸಾಲುತ್ತಿರಲಿಲ್ಲ. ಹಾಗಾಗಿ ಮದುವೆಯಾದ ಮರುವರ್ಷವೇ ಅವಳು ದಯಾನಂದನ ತಂದೆ ಮರುಳಸಿದ್ದಯ್ಯನವರ ಮಂಡಿಯ ಹಿಂದಿನ ಅಂಗಳಕ್ಕೆ ಚಿಪ್ಪು ಒಡೆಯುವ ಕೆಲಸಕ್ಕೆ ಸೇರಿದಳು. ವರ್ಷದ ತನಕ ಅಟ್ಟದಲ್ಲಿ ಒಣಗಿ, ಒಳಗಿನ ನೀರು ಪೂರಾ ಹಿಂಗಿದ ಕಾಯಿಯ ಚಿಪ್ಪನ್ನು ಕೊಬ್ಬರಿಗೆ ಏಟು ಬೀಳದಂತೆ ಒಡೆದು, ಇಡೀ ಉಂಡೆ ತೆಗೆಯಬೇಕು. ತೆಗೆದದ್ದನ್ನು ಮಂಕರಿಗೆ ತುಂಬಿ ತಲೆಯ ಮೇಲೆ ಹಜಾರಕ್ಕೆ ಹೊರಬೇಕು. ಎಂಟು ವರ್ಷ ಹೊತ್ತಳು.

ಒಂದು ದಿನ ಹಾಗೆ ಹೊತ್ತುಕೊಂಡು ಬರುತ್ತಿದ್ದಾಗ, ಆರಿಸಿ ತುಂಬಿಟ್ಟಿದ್ದ ಚೀಲವೊಂದರ ಬಾಯಿಯ ಹತ್ತಿರ ನಿಂತು, ಮಂಕರಿ ಇಳಿಸಿ, ಬಗ್ಗಿ ಒಂದು ಉಂಡೆಯನ್ನು ಎತ್ತಿ ಆಚೆಗಿಟ್ಟಳು. ಗಾದಿಯ ಮೇಲೆ ಕೂತಿದ್ದ ಮರುಳಸಿದ್ದಯ್ಯನವರು ನೋಡಿದರು. ಉಂಡೆ ತರಿಸಿ ಒಡೆಸಿದರು. ಒಳಗೆ ಅಂಗೈ ಅಗಲ ಕೌಟು ಹಿಡಿದು ಕಪ್ಪಾಗಿತ್ತು. ಮುಗ್ಗಲು ವಾಸನೆ ಹಜಾರದ ತುಂಬ ಹಬ್ಬಿತು. "ನಾಳೆಯಿಂದ ನೀನು ಕೂತ್ಕೊಳಮ್ಮ," ಎಂದರು. ಯಾಕೆ, ಹೇಗೆ ಎಂದು ಕೇಳಲಿಲ್ಲ. ಅಲ್ಲಿಂದ ಪವಿತ್ರಾ ಬಂದ ದಿನದವರೆಗೆ ಇಪ್ಪತ್ತೆಂಟು ವರ್ಷ ಅವಳು ಅದೇ ಹಜಾರದಲ್ಲಿ, ಬಾಗಿಲಿನ ಎಡಗಡೆ, ಬೆಳಕು ಬೀಳುವ ಕಡೆಗೆ ಮುಖ ಮಾಡಿ ಕೂತಿದ್ದಳು.

ಕೊಬ್ಬರಿ ಆರಿಸುವ ಹೆಂಗಸರ ಬಾಯಲ್ಲಿ ಎರಡು ಮಾತುಗಳಿವೆ. ಬೂಷ್ಟು ಕಂಡರೆ, ಒಡಕು ಕಂಡರೆ "ಕಣ್ಣಿಗೆ ಬಿತ್ತು" ಎನ್ನುತ್ತಾರೆ. ಅದು ಯಾರ ಕಣ್ಣಿಗಾದರೂ ಬೀಳುವಂಥದ್ದು. ಎಡಗೈ ರಾಶಿಯಿಂದ ಉಂಡೆಗಳನ್ನು ಎಳೆದು ಉರುಳಿಸುತ್ತಿರುತ್ತದೆ, ಬಲಗೈ ಒಂದೊಂದನ್ನೇ ಚೀಲದ ಬಾಯಿಗೆ ತಳ್ಳುತ್ತಿರುತ್ತದೆ, ಬಾಯಿ ಊರ ಸುದ್ದಿ ಮಾತಾಡುತ್ತಿರುತ್ತದೆ. ಆ ನಡುವೆ ಒಂದು ಉಂಡೆಯ ಮುಂದೆ ಬಲಗೈ ತಾನಾಗಿ ನಿಂತುಬಿಟ್ಟರೆ, ಅದಕ್ಕೆ "ಕೈ ತಡೀತು" ಎನ್ನುತ್ತಾರೆ. ಕೈ ತಡೆದದ್ದಕ್ಕೆ ಕಾರಣ ಹೇಳುವ ವಾಡಿಕೆ ಇಲ್ಲ. ಎಲ್ಲರಿಗೂ ಅಷ್ಟಿಷ್ಟು ತಡೆಯುತ್ತದೆ. ರಾಮಲಕ್ಷ್ಮಮ್ಮನಿಗೆ ಹೆಚ್ಚು ತಡೆಯುತ್ತದೆ ಎಂದು ಮಂಡಿಯಲ್ಲಿ ಹೆಸರಿತ್ತು. ತವರಿನ ದೇವತೆ ಕೆಂಕೆರೆ ಅಮ್ಮ ಕೊಟ್ಟ ಕಣ್ಣು ಎಂದು ಕೆಲವರು ಹೇಳುತ್ತಿದ್ದರು. ಅವಳು ಹೌದು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ.

ಮರುಳಸಿದ್ದಯ್ಯನವರಿಗೆ ವಯಸ್ಸಾಗಿ ಅವರು ಮಂಡಿಗೆ ಬರುವುದು ನಿಂತಿತು. ದಯಾನಂದ ಗಾದಿಗೆ ಬಂದ. ಕೆಟ್ಟವನಲ್ಲ, ಹೆಂಗಸರಿಗೆ ಕುಡಿಯುವ ನೀರಿಗೆ ಫಿಲ್ಟರ್ ಹಾಕಿಸಿದವನೂ ಅವನೇ. ಆದರೆ ದೀಪಾವಳಿಯ ಹಿಂದೆ ಉತ್ತರ ಭಾರತದ ವ್ಯಾಪಾರಿಯೊಬ್ಬ ಹನ್ನೊಂದು ಚೀಲವನ್ನು ಹಿಂದಕ್ಕೆ ಕಳಿಸಿದ. ಮೇಲೆ ನೋಡಲು ಬಂಗಾರದಂಥ ಉಂಡೆಗಳು, ಒಡೆದರೆ ಒಳಗೆ ಕಪ್ಪು. ಆ ಚೀಲಗಳ ಮೇಲೆ ರಾಮಲಕ್ಷ್ಮಮ್ಮನ ಗುರುತಿನ ದಾರ ಇತ್ತು.

ಮಾರನೆಯ ದಿನ ದಯಾನಂದ ಹಜಾರದಲ್ಲಿ ನಾಲ್ಕು ಬುಟ್ಟಿ ಇಡಿಸಿದ. ಒಂದೊಂದಕ್ಕೂ ಚೀಟಿ ಅಂಟಿಸಿದ: ಬೂಷ್ಟು, ಹುಳು, ಒಡಕು, ಮುರುಟು. ತೆಗೆದ ಪ್ರತಿ ಉಂಡೆಯೂ ಇವುಗಳಲ್ಲಿ ಒಂದಕ್ಕೆ ಬೀಳಬೇಕು. ಯಾವುದಕ್ಕೂ ಸೇರದಿದ್ದರೆ ಚೀಲಕ್ಕೆ ಹೋಗಬೇಕು. ಕೆಲಸದ ಹೊತ್ತಿನಲ್ಲಿ ಮಾತು ಕೂಡದು. ಮಾತಿನಿಂದಲೇ ಗಮನ ತಪ್ಪುತ್ತಿದೆ ಎಂದ.

"ಕೈ ತಡೆದದ್ದು ಯಾವ ಬುಟ್ಟಿಗೆ ಅಣ್ಣ?" ಎಂದು ಸುನಂದಾ ಕೇಳಿದಳು.

"ಕೈ ಯಾಕೆ ತಡೀತು ಅಂತ ನೋಡಿ, ಆ ಬುಟ್ಟಿಗೆ ಹಾಕಮ್ಮ."

ರಾಮಲಕ್ಷ್ಮಮ್ಮ ನೋಡಿದಳು. ನಿಷ್ಠೆಯಿಂದಲೇ ನೋಡಿದಳು. ಒಂದೊಂದು ಉಂಡೆಯನ್ನೂ ಎತ್ತಿ, ಬೂಷ್ಟೇ, ಹುಳುವೇ, ಒಡಕೇ, ಮುರುಟೇ ಎಂದು ಮನಸ್ಸಿನಲ್ಲೇ ಕೇಳಿಕೊಳ್ಳುತ್ತ ನೋಡಿದಳು. ನಾಲ್ಕು ದಿನಕ್ಕೆ ಕಣ್ಣು ಉರಿಯತೊಡಗಿತು. ಎಂಟು ದಿನಕ್ಕೆ ಎಲ್ಲ ಉಂಡೆಗಳೂ ಕೆಟ್ಟವಾಗಿ ಕಂಡವು; ಹದಿನೈದು ದಿನಕ್ಕೆ ಎಲ್ಲವೂ ಒಳ್ಳೆಯವಾಗಿ ಕಂಡವು. ಕೈ ತಡೆಯುವುದೇ ನಿಂತುಹೋಯಿತು. ಅಪರೂಪಕ್ಕೆ ತಡೆದರೂ ಅವಳು ಆ ಉಂಡೆಯನ್ನು ಮುಚ್ಚಿಟ್ಟುಕೊಂಡಂತೆ ಪಕ್ಕಕ್ಕೆ ಸರಿಸುತ್ತಿದ್ದಳು, ಯಾರಾದರೂ ಕೇಳಿಯಾರೆಂದು ಹೆದರುತ್ತಿದ್ದಳು. ಆಗಲೇ ದಯಾನಂದ ಹೇಳಿದ್ದ: "ಸಂಕ್ರಾಂತಿ ಕಳೀಲಿ ರಾಮಲಕ್ಷ್ಮಮ್ಮ. ಆಮೇಲೆ ನೀನು ಹಿಂದ್ಗಡೆ ಅಂಗಳಕ್ಕೆ ಹೋಗು. ವಯಸ್ಸಾಯ್ತು, ಕಣ್ಣು ಮೊದಲಿನಂಗಿಲ್ಲ. ನಿನ್ನ ಬಿಡಿಸ್ತಿಲ್ಲ, ಜಾಗ ಬದಲಾಯಿಸ್ತಿದೀನಿ ಅಷ್ಟೆ."

ಅಂಗಳವೆಂದರೆ ಚಿಪ್ಪು ಒಡೆಯುವುದು, ಮಂಕರಿ ಹೊರುವುದು. ಅವಳ ಎರಡೂ ಮಂಡಿಚಿಪ್ಪು ಸವೆದಿವೆ, ಭಾರ ಹೊರಕೂಡದೆಂದು ಡಾಕ್ಟರು ಹೇಳಿ ಮೂರು ವರ್ಷವಾಗಿತ್ತು. ಚಿಕ್ಕಣ್ಣನ ಬೆನ್ನು ಅದಕ್ಕೂ ಮೊದಲೇ ಹೋಗಿತ್ತು. ಅವನು ಮನೆಯಲ್ಲಿ ಮುದ್ದೆ ತೊಳಸಿಕೊಂಡು, ದನಕ್ಕೆ ನೀರಿಟ್ಟುಕೊಂಡು ಇದ್ದ. ಹಜಾರದ ಜಾಗ ಹೋದರೆ ಅವಳಿಗೆ ಕೂತು ಮಾಡುವ ಕೆಲಸ ಬೇರೆ ಇರಲಿಲ್ಲ.

ಪವಿತ್ರಾ ಬಂದದ್ದು ಈ ಸಂಕಟದ ನಡುವೆ. ಮನಃಶಾಸ್ತ್ರದ ಎಂ.ಎಸ್‌ಸಿ. ಓದುತ್ತಿದ್ದ ಅವಳು ಕೊನೆಯ ವರ್ಷದ ಅಧ್ಯಯನಕ್ಕೆ ಜನರನ್ನು ಹುಡುಕುತ್ತಿದ್ದಳು. ಕಣ್ಣ ಮುಂದೆ ಒಂದೇ ತರಹದ್ದು ಬರುತ್ತಿರುವಾಗ ನಡುವೆ ಬೇರೆಯದೊಂದು ಬಂದರೆ ಮಿದುಳು ಏನು ಮಾಡುತ್ತದೆ, ನೋಡುತ್ತಿರುವವರ ಅರಿವಿಗೇ ಅದು ಬಾರದಿದ್ದಾಗಲೂ ಮಿದುಳಿಗೆ ಗೊತ್ತಾಗುತ್ತದೆಯೇ ಎಂಬುದು ಅವಳ ಪ್ರಶ್ನೆ. ದಿನವಿಡೀ ಅದೇ ಕೆಲಸ ಮಾಡುವವರು ತನ್ನ ಊರಿನ ಪಕ್ಕದಲ್ಲೇ ಇದ್ದಾರೆಂದು ಅವಳಿಗೆ ಹೊಳೆದಿತ್ತು.

ತಲೆಗೆ ಮಿಷನ್ನು ಹಾಕಿ ನೋಡುತ್ತಾರೆಂದು ತಿಳಿದು ದಯಾನಂದನಿಗೂ ಕುತೂಹಲವಾಯಿತು. "ಒಳ್ಳೇದಾಯ್ತು. ಮಿಷನ್ನು ಏನು ಹೇಳುತ್ತೋ ನೋಡಿ, ರಾಮಲಕ್ಷ್ಮಮ್ಮನ ವಿಷಯ ತೀರ್ಮಾನ ಮಾಡೋಣ," ಎಂದ.

"ಸರ್, ಯಾರ ಫಲಿತಾಂಶವನ್ನೂ ನಾನು ಬೇರೆಯವರಿಗೆ ಕೊಡೋ ಹಂಗಿಲ್ಲ. ಅವರದ್ದು ಅವರಿಗೆ ಮಾತ್ರ," ಎಂದಳು ಪವಿತ್ರಾ.

"ಸರಿ, ಆಯಮ್ಮನೇ ನನಗೆ ಹೇಳ್ಲಿ ಬುಡಿ."

ಭಾನುವಾರ ತಿಪಟೂರಿನ ಕಾಲೇಜೊಂದರ ಕೋಣೆಗೆ ಬರಬೇಕು, ತಲೆಗೆ ಸ್ನಾನ ಮಾಡಿಕೊಂಡು ಬನ್ನಿ ಎಂದು ಪವಿತ್ರಾ ಹೇಳಿದ್ದಳು. ರಾಮಲಕ್ಷ್ಮಮ್ಮ ಹೇಳಿದಂತೆ ಮಾಡಿದಳು. ಶನಿವಾರ ನೆತ್ತಿಗೆ ಎಣ್ಣೆ ಒತ್ತಿಸಿಕೊಂಡು, ಭಾನುವಾರ ಬೆಳಿಗ್ಗೆ ಸೀಗೇಕಾಯಿ ಹಾಕಿ ಎರೆದುಕೊಂಡಳು. ಕಾಲೇಜಿಗೆ ಒಣಗೂದಲಲ್ಲಿ ಹೋಗುವುದು ಮರ್ಯಾದೆಯಲ್ಲವೆಂದು ಗಾಣದ ಕೊಬ್ಬರಿ ಎಣ್ಣೆಯನ್ನು ಮತ್ತೆ ಧಾರಾಳವಾಗಿ ಹಚ್ಚಿ, ಬಿಗಿಯಾಗಿ ಗಂಟು ಕಟ್ಟಿ, ಸೇವಂತಿಗೆ ಮುಡಿದು ಹೋದಳು. ಜೊತೆಗೆ ಬಂದ ಸುನಂದಾಳ ತಲೆಯೂ ಹಾಗೇ ಮಿರಮಿರ ಮಿಂಚುತ್ತಿತ್ತು.

ಕಿಟಕಿಗಳಿಗೆ ಕಂಬಳಿ ಕಟ್ಟಿ ಕೋಣೆ ಮಬ್ಬು ಮಾಡಿದ್ದರು. ಪವಿತ್ರಾ ಒಂದು ಬಟ್ಟೆಯ ಟೋಪಿ ತೆಗೆದಳು. ಅದರ ತುಂಬ ಬಟನ್ನಿನಂಥ ಬಿಲ್ಲೆಗಳು, ಪ್ರತಿ ಬಿಲ್ಲೆಗೊಂದು ವೈರು. ಟೋಪಿ ಹಾಕಿ, ಬಿಲ್ಲೆಗಳ ಕೆಳಗೆ ತಣ್ಣನೆಯ ಅಂಟು ತುಂಬಿ, ಕಂಪ್ಯೂಟರ್ ಕಡೆ ನೋಡಿದವಳು ಮುಖ ಸಪ್ಪೆ ಮಾಡಿದಳು. ಮಿದುಳಿನ ಅಲೆ ತೋರಿಸಬೇಕಿದ್ದ ಗೆರೆಗಳೆಲ್ಲ ಹುಚ್ಚೆದ್ದು ಕುಣಿಯುತ್ತಿದ್ದವು. ಎಣ್ಣೆಯ ಮೇಲೆ ಬಿಲ್ಲೆ ಹಿಡಿಯುವುದಿಲ್ಲ.

"ತಪ್ಪು ನಂದೇ ಅಮ್ಮ," ಎಂದಳು ಪವಿತ್ರಾ. "ತಲೆಗೆ ಸ್ನಾನ ಅಂದ್ರೆ ನಮ್ಮವ್ವನೂ ಹಿಂಗೇ ಬರೋಳು. ಎಣ್ಣೆ ಬೇಡ ಅಂತ ಬಾಯಿ ಬಿಟ್ಟು ಹೇಳ್ಬೇಕಿತ್ತು."

ಕಾಲೇಜಿನ ಹಿಂದಿನ ನಲ್ಲಿಯ ಕೆಳಗೆ ಇಬ್ಬರ ತಲೆಯನ್ನೂ ಮೂರು ಮೂರು ಶಾಂಪೂ ಪೊಟ್ಟಣ ಹಾಕಿ ತೊಳೆದದ್ದಾಯಿತು. ಎಣ್ಣೆ ಹೋಗಲಿಲ್ಲ. "ಇಪ್ಪತ್ತೆಂಟು ವರ್ಸದ ಕೊಬ್ಬರಿ ಕಣವ್ವ, ಒಂದು ದಿನಕ್ಕೆ ಹೋದಾತೆ?" ಎಂದಳು ಸುನಂದಾ. ಕೆಲಸ ಮುಂದಿನ ಭಾನುವಾರಕ್ಕೆ ಹೋಯಿತು. ಆ ವಾರವೆಲ್ಲ ರಾಮಲಕ್ಷ್ಮಮ್ಮ ಎಣ್ಣೆ ಮುಟ್ಟಲಿಲ್ಲ. ಕೂದಲು ಹುಲ್ಲಿನಂತೆ ಎದ್ದುನಿಂತು, ಯಾರೂ ತೀರಿಹೋಗಿಲ್ಲ ತಾನೆ ಎಂದು ಬೀದಿಯವರು ಚಿಕ್ಕಣ್ಣನನ್ನು ವಿಚಾರಿಸಿದರು.

ಎರಡನೆಯ ಸಲ ಬಿಲ್ಲೆಗಳು ಹಿಡಿದವು. ಪರದೆಯ ನಡುವೆ ಒಂದು ಸಣ್ಣ ಕೂಡಿಸುವ ಚಿಹ್ನೆ. ಅದನ್ನೇ ನೋಡುತ್ತಿರಬೇಕು, ಅದು ದಪ್ಪಗಾದ ತಕ್ಷಣ ಗುಂಡಿ ಒತ್ತಬೇಕು. ಅಷ್ಟೇ ಕೆಲಸ. ಚಿಹ್ನೆಯ ಸುತ್ತ ಗೆರೆಗೆರೆಯ ಬೂದು ವೃತ್ತಗಳು ಮಿಂಚಿ ಮಿಂಚಿ ಮರೆಯಾಗುತ್ತಿದ್ದವು. ರಾಮಲಕ್ಷ್ಮಮ್ಮ ಚಿಹ್ನೆಯ ಮೇಲಿಂದ ಕಣ್ಣು ಕದಲಿಸಲಿಲ್ಲ. ಬಿಡುವು ಕೊಟ್ಟು ಮಾಡಿದ ಇನ್ನೊಂದು ಸುತ್ತಿನಲ್ಲಿ ಸುತ್ತಲೂ ಬರೀ ಚುಕ್ಕಿಗಳೇ ಮಿಂಚಿದವು. ಮುಕ್ಕಾಲು ಗಂಟೆ ಹಾಗೆ ಕೂತು ಎದ್ದಾಗ ಕತ್ತು ಹಿಡಿದುಕೊಂಡಿತ್ತು.

"ಸುತ್ತ ಇದ್ದ ಗೆರೆಗಳು ಬದಲಾದದ್ದು ಕಾಣಿಸ್ತಾ ಅಮ್ಮ?"

"ಗೆರೆಯಾ? ನಡುವೆ ನೋಡು ಅಂದೆ, ನಡುವೆ ನೋಡ್ದೆ. ಗೆರೆ ಯಾರು ನೋಡ್ತಾರವ್ವ?"

ಪವಿತ್ರಾ ಅದನ್ನೂ ಬರೆದುಕೊಂಡಳು. ರಾಮಲಕ್ಷ್ಮಮ್ಮನಿಗೆ ತಾನು ನಪಾಸಾದೆ ಎನ್ನಿಸಿತು. ಮನೆಗೆ ಬಂದು, ಅಂಟು ತೊಳೆದ ಒದ್ದೆ ತಲೆಯಲ್ಲೇ ಗೋಡೆಗೆ ಒರಗಿ ಕೂತಳು. "ಏನಂತೆ?" ಎಂದ ಚಿಕ್ಕಣ್ಣ. "ಪಕ್ಕದಲ್ಲಿದ್ದದ್ದು ನಂಗೆ ಕಾಣ್ಲಿಲ್ಲ. ಅಂಗಳವೇ ಗತಿ," ಎಂದಳು.

ಸಂಕ್ರಾಂತಿಗೆ ಎಂಟು ದಿನವಿದೆ ಎನ್ನುವಾಗ ಪವಿತ್ರಾ ಮನೆಗೇ ಬಂದಳು. ಮಧ್ಯಾಹ್ನದ ಬಿಸಿಲು. ಚಿಕ್ಕಣ್ಣ ಜಗಲಿಯ ಮೇಲೆ ಚಾಪೆ ಹಾಸಿದ. ಪವಿತ್ರಾ ಚೀಲದಿಂದ ಒಂದು ಹಾಳೆ ತೆಗೆದು ಹರಡಿದಳು. ಅದರ ಮೇಲೆ ಎರಡು ಅಂಕುಡೊಂಕು ಗೆರೆಗಳು, ಒಂದು ಕಪ್ಪು, ಒಂದು ಕೆಂಪು.

"ಪರದೆ ಮೇಲೆ ಸುತ್ತ ಇದ್ದ ಗೆರೆಗಳು ಹೆಚ್ಚು ಸಲ ಒಂದೇ ಕಡೆ ವಾಲಿದ್ವು. ಎಲ್ಲೋ ಅಪರೂಪಕ್ಕೆ ಇನ್ನೊಂದು ಕಡೆ ವಾಲಿದ್ವು. ಈ ಕಪ್ಪು, ಮಾಮೂಲಿದ್ದು ಬಂದಾಗ ನಿಮ್ಮ ತಲೇಲಿ ಆದದ್ದು. ಈ ಕೆಂಪು, ಬೇರೇದು ಬಂದಾಗ ಆದದ್ದು. ನೂರಾರು ಸಲದ್ದು ಕೂಡಿಸಿ ಸರಾಸರಿ ತೆಗೆದಿದೀನಿ. ಇಲ್ಲಿ ನೋಡಿ, ಕೆಂಪು ಬೇರೆ ದಾರಿ ಹಿಡಿದೈತೆ. ಚಿತ್ರ ಬಂದು ಕಾಲು ಸೆಕೆಂಡ್ ಆಗೋದ್ರೊಳಗೇ."

"ನಾನು ನೋಡ್ಲೇ ಇಲ್ಲ ಅಂದ್ನಲ್ಲವ್ವ."

"ನೀವು ಗಮನಿಸ್ಲಿಲ್ಲ. ಕಣ್ಣಿಗೆ ಬಿದ್ದಿತ್ತು. ಇಷ್ಟೊತ್ತು ಬಂದದ್ದಕ್ಕೂ ಈಗ ಬಂದದ್ದಕ್ಕೂ ತಾಳೆ ಇಲ್ಲ ಅಂತ ತಲೆಗೆ ಗೊತ್ತಾಯ್ತು. ಅದು ನಿಮ್ಮ ತನಕ ಬಂದು ಹೇಳ್ಲಿಲ್ಲ ಅಷ್ಟೆ."

"ನನ್ನ ಕತೆನೂ ಅದೇ ಕಣವ್ವ," ಎಂದ ಚಿಕ್ಕಣ್ಣ. "ಈ ಮನೇಲಿ ಮೂವತ್ತೇಳು ವರ್ಸದಿಂದ ನಂಗೂ ಯಾರೂ ಏನೂ ಬಂದು ಹೇಳಿಲ್ಲ."

ರಾಮಲಕ್ಷ್ಮಮ್ಮ ಗಂಡನ ಕಡೆ ನೋಡಲಿಲ್ಲ. ಹಾಳೆಯ ಮೇಲೆ ಬೆರಳಿಟ್ಟಳು. "ಹಂಗಾರೆ ನನ್ನ ಕೈ ತಡೆಯೋದು ಇದೇಯಾ?"

ತನ್ನ ಮುಂದೆ ಕೂತಿದ್ದವಳಿಗೆ ಯಾವ ಮಾತು ಬೇಕಾಗಿದೆಯೆಂದು ಪವಿತ್ರಾಳಿಗೆ ತಿಳಿಯದೆ ಇರಲಿಲ್ಲ.

"ಇರಬಹುದು ಅಮ್ಮ. ಅದೇ ಅಂತ ಹೇಳೋಕೆ ನನ್ನ ಹತ್ರ ಆಧಾರ ಇಲ್ಲ. ನಾನು ತೋರಿಸಿದ್ದು ಗೆರೆನ, ಕೊಬ್ಬರಿನಲ್ಲ. ಮತ್ತೆ ಇದು ನಿಮಗೊಬ್ಬರಿಗೇ ಬಂದದ್ದಲ್ಲ. ಸುನಂದಮ್ಮನವರದ್ರಲ್ಲೂ ಬಂತು. ಕೊಬ್ಬರಿನೇ ಮುಟ್ಟದ ಜನ ಇದಾರಲ್ಲ, ಅವರಲ್ಲೂ ಬಂತು."

"ನಂದು ಹೆಚ್ಚಿಗೆ ಇಲ್ವಾ?"

"ಇಲ್ಲ."

ಹಿತ್ತಲಲ್ಲಿ ದನ ಬಾಲ ಬೀಸುವ ಸದ್ದು ಕೇಳಿಸುತ್ತಿತ್ತು. ತನಗೆ ಏನೋ ಒಂದಿದೆ ಎಂದು ರಾಮಲಕ್ಷ್ಮಮ್ಮ ಯಾರಲ್ಲಿಯೂ ಹೇಳಿಕೊಂಡವಳಲ್ಲ, ಆದರೆ ಅಷ್ಟು ವರ್ಷ ನಂಬಿದ್ದಳು. ಈಗ ಅದೂ ಇಲ್ಲವಾಯಿತು. ಅಳು ಬರಲಿಲ್ಲ, ಹೊರೆ ಇಳಿಸಿದಾಗ ಬರುವಂಥ ಸುಸ್ತು ಬಂತು.

"ಆಮೇಲೆ ಇನ್ನೊಂದು ಮಾಡಿದ್ಯಲ್ಲ, ಚುಕ್ಕಿ ಚುಕ್ಕಿದು?" ಎಂದಳು ಕೊನೆಗೆ.

"ಅದ್ರಲ್ಲಿ ಗೆರೆ ಬಂದ ಕೂಡ್ಲೇ ಅದರ ಮೇಲೆ ಚುಕ್ಕಿ ಮುಚ್ಚಿದ್ದೆ. ಎಷ್ಟು ಗಮನ ಕೊಟ್ರೂ ಯಾರಿಗೂ ಕಾಣದಂಗೆ. ಅಲ್ಲಿ ನಿಮ್ಮ ಕಪ್ಪು, ಕೆಂಪು ಎರಡೂ ಒಂದೇ ದಾರಿ, ಏನೂ ಸಿಗಲಿಲ್ಲ. ಅಂಥದ್ರಲ್ಲೂ ಸಿಕ್ಕಿದೆ ಅನ್ನೋರು ಇದಾರೆ, ಇಲ್ಲ ಅನ್ನೋರೂ ಇದಾರೆ. ಓದಿದೋರಲ್ಲೇ ಅದಿನ್ನೂ ತೀರ್ಮಾನ ಆಗಿಲ್ಲ."

"ಅಂದ್ರೆ ಕಾಣೋದನ್ನ ನೋಡದೇ ಇದ್ರೂ ತಲೆ ಹಿಡೀತದೆ. ಕಾಣದೇ ಇರೋದನ್ನ ಹಿಡಿಯಲ್ಲ."

"ನನಗೆ ಸಿಕ್ಕಿದ್ದು ಅಷ್ಟೇ ಅಮ್ಮ."

ರಾಮಲಕ್ಷ್ಮಮ್ಮನ ಕಣ್ಣ ಮುಂದೆ ಆ ಹನ್ನೊಂದು ಚೀಲ ಬಂತು. ಬಂಗಾರದಂಥ ಸಿಪ್ಪೆ, ಮೇಲೆ ಒಂದು ಚೂರೂ ಗುರುತಿಲ್ಲ. ಅಂಥದಕ್ಕೆ ಯಾರ ಕೈ ತಾನೇ ತಡೆದೀತು? ಎರಡು ತಿಂಗಳಿಂದ ತನ್ನ ಕಣ್ಣಿನ ಮೇಲೆ ಹೊರಿಸಿಕೊಂಡಿದ್ದ ತಪ್ಪು ಕಣ್ಣಿನದಲ್ಲ. ಕೈ ತಡೆಯುತ್ತಿದ್ದದ್ದು ನಿಂತದ್ದು ಯಾವಾಗಿನಿಂದ ಎಂದೂ ಲೆಕ್ಕ ಹಾಕಿದಳು. ನಾಲ್ಕು ಬುಟ್ಟಿ ಬಂದ ಮೇಲೆ. ಬಾಯಿ ಮುಚ್ಚಿಸಿದ ಮೇಲೆ.

ಹೊರಡುವ ಮುಂಚೆ ಪವಿತ್ರಾ ಹಾಳೆಯನ್ನು ಅವಳ ಕೈಗೇ ಕೊಟ್ಟಳು. "ಇದು ನಿಮ್ಮದು. ದಯಾನಂದ್ ಅವರಿಗೆ ಏನು ಹೇಳ್ಬೇಕು ಅನ್ನೋದು ನಿಮಗೆ ಬಿಟ್ಟದ್ದು. ಇದು ನಿಮ್ಮ ಕೆಲಸಕ್ಕೆ ಸರ್ಟಿಫಿಕೇಟ್ ಆಗಲ್ಲ ಅಮ್ಮ. ಆಗಿದ್ರೆ ಚೆನ್ನಾಗಿತ್ತು."

ಅವಳು ಹೋದ ಮೇಲೆ ಚಿಕ್ಕಣ್ಣ ಹಾಳೆ ತಿರುಗಿಸಿ ನೋಡಿದ. "ಇದು ಓದೋಕೆ ಆ ದಯಾನಂದಣ್ಣಂಗೆ ಬತ್ತದೇನೇ? ಮಿಷನ್ನು ನನ್ನ ಕಣ್ಣೇ ಮಿಗಿಲು ಅಂದೈತೆ ಅಂತ ಹೇಳ್ಬುಡು ಕಣೇ. ಯಾರು ಕೇಳ್ತಾರೆ?"

ರಾಮಲಕ್ಷ್ಮಮ್ಮನಿಗೂ ಆ ಯೋಚನೆ ಬಂದಿತ್ತು. ಸೋಮವಾರ ಮಂಡಿಗೆ ನಡೆದು ಹೋಗುವಾಗಲೂ ಅದು ಮನಸ್ಸಿನಲ್ಲಿತ್ತು. ದಯಾನಂದ ಗಾದಿಯ ಮೇಲೆ ಕೂತು ಟೀ ಕುಡಿಯುತ್ತಿದ್ದ.

"ಏನಂತು ರಾಮಲಕ್ಷ್ಮಮ್ಮ, ಮಿಷನ್ನು?"

"ನನ್ನ ತಲೆ ಎಲ್ಲರ ತಲೆ ಇದ್ದಂಗೇ ಐತಂತೆ ಅಣ್ಣ."

ಸುಳ್ಳು ಹೇಳಿದರೆ ಆಮೇಲೆ ದಿನಾ ಅದನ್ನು ಕಾಯ್ದುಕೊಂಡು ಕೂರಬೇಕಲ್ಲ, ಅಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಅಷ್ಟೇನಾ? ಇದಕ್ಕೆ ಎರಡು ಭಾನುವಾರ ಬೇಕಾಯ್ತಾ?"

"ಅಷ್ಟೆ. ಆದ್ರೆ ನಂದೊಂದು ಮಾತೈತೆ. ವಾಪಸ್ ಬಂದ ಚೀಲದವು ನಂಗೆ ಸಿಗ್ಲಿಲ್ಲ. ನಾಳೆ ಅಂಥವೇ ಬಂದ್ರೂ ಸಿಗಲ್ಲ. ಮೇಲೆ ಏನೂ ಇಲ್ದೇ ಇದ್ರೆ ಯಾರ ಕಣ್ಣಿಗೂ ಬೀಳಲ್ಲ, ಯಾರ ಕೈನೂ ತಡೆಯಲ್ಲ. ಚೀಲಕ್ಕೆ ಒಂದೋ ಎರಡೋ ಒಡೆದು ನೋಡ್ಬೇಕಷ್ಟೆ. ಮೇಲೆ ಏನೋ ಸ್ವಲ್ಪ ಐತೆ, ಏನು ಅಂತ ಹೇಳಾಕಾಗಲ್ಲ, ಅಂಥವು ನಂಗೆ ಸಿಗ್ತವೆ. ಅದಕ್ಕೆ ಇನ್ನೊಂದು ಬುಟ್ಟಿ ಕೊಡಿ. ಚೀಟಿ ಅಂಟಿಸ್ಬೇಡಿ, ಯಾಕೆ ಅಂತ ಕೇಳ್ಬೇಡಿ. ಬಿದ್ದದ್ದನ್ನ ನೀವೇ ಒಡೆದು ನೋಡಿ. ಒಂದು ವಾರ. ಸರಿಬರದಿದ್ರೆ ಅಂಗಳಕ್ಕೆ ನಾನೇ ಹೋಯ್ತೀನಿ."

ದಯಾನಂದ ಟೀ ಲೋಟ ಕೆಳಗಿಟ್ಟ. ಆಯಮ್ಮ ಇಷ್ಟು ಉದ್ದ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ.

"ಇನ್ನೊಂದು," ಎಂದಳು ಅವಳು. "ಮಾತಾಡೋಕೆ ಬುಡಿ."

"ಮಾತಾಡಿದ್ರೆ ಗಮನ ಹೋಗಲ್ವಾ?"

"ಅದು ಹೋಗ್ಬೇಕು ಅಣ್ಣ. ಗಮನ ಎ‌ಲ್ಲೋ ಇರ್ಬೇಕಾದ್ರೇ ನಂಗೆ ಕೈ ತಡೆಯೋದು."

ಅವನಿಗೆ ಅರ್ಥವಾಗಲಿಲ್ಲವೆಂಬುದು ಮುಖದಲ್ಲೇ ಕಾಣುತ್ತಿತ್ತು. ಆದರೂ ಒಂದು ವಾರ ತಾನೇ ಎಂದು ತಲೆಯಾಡಿಸಿದ.

ಮೊದಲ ದಿನ ಏನೂ ಆಗಲಿಲ್ಲ. ಕೈ ಯಾವಾಗ ತಡೆದೀತೆಂದು ರಾಮಲಕ್ಷ್ಮಮ್ಮ ಕೈಯನ್ನೇ ಕಾಯುತ್ತ ಕೂತಳು, ಅದು ತಡೆಯಲಿಲ್ಲ. ಚೀಟಿಯಿಲ್ಲದ ಬುಟ್ಟಿ ಬರಿದಾಗಿಯೇ ಇತ್ತು. ಎರಡನೆಯ ದಿನ ಬಿದ್ದದ್ದು ಒಂದು. ಮೂರನೆಯ ದಿನ ಸುನಂದಾ ತನ್ನ ಸೊಸೆ ಹೊಸ ಮಿಕ್ಸಿಯಲ್ಲಿ ಹುರುಳಿ ಹಾಕಿ ಬ್ಲೇಡು ಮುರಿದ ಕತೆ ತೆಗೆದಳು. ಅದು ಸೊಸೆಯ ತವರಿನವರೆಗೆ ಹೋಗಿ, ಅಲ್ಲಿಂದ ಅವರ ಮನೆಯ ನಾಯಿಯವರೆಗೆ ಹೋಯಿತು. "ನಾಯಿಗೂ ಅದೇ ಬುದ್ಧಿ ಕಣಕ್ಕ, ಕರೆದ್ರೆ ಬರಲ್ಲ, ಅನ್ನ ಇಟ್ಟಾಗ ಮಾತ್ರ ನಮ್ಮನೆ ಅನ್ನೋದು." ರಾಮಲಕ್ಷ್ಮಮ್ಮ ಎರಡು ತಿಂಗಳಲ್ಲಿ ಮೊದಲ ಸಲ ಬಾಯಿ ತುಂಬ ನಕ್ಕಳು. ನಗು ಮುಗಿಸಿ ನೋಡಿದರೆ ಬುಟ್ಟಿಯಲ್ಲಿ ಆರು ಉಂಡೆ ಬಿದ್ದಿದ್ದವು.

ವಾರದ ಕೊನೆಗೆ ಐವತ್ಮೂರು ಉಂಡೆಯಾಯಿತು. ದಯಾನಂದ ಮೊಣಕೈವರೆಗೆ ತೋಳು ಮಡಿಸಿ, ಮಚ್ಚು ತರಿಸಿ, ಹಜಾರದಲ್ಲಿ ಎಲ್ಲರ ಎದುರಿಗೇ ತಾನೇ ಒಂದೊಂದನ್ನೂ ಒಡೆದ. ಮೂವತ್ತೆಂಟರಲ್ಲಿ ಕೌಟು ಹಿಡಿದಿತ್ತು. ಹದಿನೈದು ಅಪ್ಪಟ ಒಳ್ಳೆಯವು, ಹಾಲಿನಂತೆ ಬಿಳಿ.

"ಹದಿನೈದು ವೃಥಾ ಹೋಯ್ತಲ್ಲ," ಎಂದ.

"ಹೂಂ ಅಣ್ಣ. ಹೋಯ್ತು."

"ಎಲ್ಲಿ ಹೋಯ್ತದೆ, ಹೋಳಾದ್ರೂ ಕೊಬ್ಬರಿ ಕೊಬ್ಬರಿನೇ. ಚಟ್ನಿಗೆ ಆಯ್ತದೆ," ಎಂದಳು ಸುನಂದಾ.

ದಯಾನಂದ ಕೌಟು ಹಿಡಿದ ಹೋಳೊಂದನ್ನು ಎತ್ತಿ ಅದರ ಸಿಪ್ಪೆಯ ಮೇಲೆ ಹೆಬ್ಬೆರಳಾಡಿಸಿದ. ಬೆಳಕಿಗೆ ಹಿಡಿದ. ಇನ್ನೊಂದನ್ನು ಹಿಡಿದ. ಎಷ್ಟು ನೋಡಿದರೂ ಅವನಿಗೆ ಏನೂ ಕಾಣಲಿಲ್ಲ. "ನಿನಗೆ ಏನು ಕಾಣಿಸ್ತು ಇದ್ರಲ್ಲಿ?" ಎಂದು ಕೇಳಿದವನು, ಅವಳು ಬಾಯಿ ತೆರೆಯುವ ಮೊದಲೇ, "ಹೋಗ್ಲಿ ಬುಡು, ಕೇಳಲ್ಲ ಅಂದಿದ್ದೆ," ಎಂದ. ಕೈ ತೊಳೆದು ಬಂದು, ನಾಲ್ಕು ಬುಟ್ಟಿಯೂ ಇರಲಿ, ಐದನೆಯದೂ ಇರಲಿ, ತುಂಬಿದ ಪ್ರತಿ ಚೀಲದಿಂದ ಎರಡು ಉಂಡೆ ಒಡೆದು ನೋಡಿಯೇ ಬಾಯಿ ಹೊಲಿಯಬೇಕು ಎಂದು ಗುಮಾಸ್ತನಿಗೆ ಹೇಳಿದ. ಅಂಗಳದ ಮಾತು ತೆಗೆಯಲಿಲ್ಲ. ಸಂಕ್ರಾಂತಿ ಬಂತು, ಹೋಯಿತು, ಆಮೇಲೂ ತೆಗೆಯಲಿಲ್ಲ.

ಜಾಗ ಉಳಿದದ್ದರಿಂದ ಮಂಡಿನೋವು ಕಡಿಮೆಯಾಗಲಿಲ್ಲ. ಇಡೀ ದಿನ ಕೂತು ಏಳುವುದೂ ಅವಳಿಗೆ ಈಚೆಗೆ ಕಷ್ಟ. ಪವಿತ್ರಾಳ ಓದು ಮುಗಿದು ಅವಳು ಬೇರೆ ಊರಿನಲ್ಲಿ ಕೆಲಸಕ್ಕಿದ್ದಾಳೆ. ಫೋನ್ ಮಾಡಿದಾಗ ಕೈ ತಡೆಯುತ್ತಿದೆಯಾ ಎಂದು ವಿಚಾರಿಸುತ್ತಾಳೆ, ರಾಮಲಕ್ಷ್ಮಮ್ಮ ಕೆಲವು ದಿನ ತಡೆಯುತ್ತದೆ, ಕೆಲವು ದಿನ ಇಲ್ಲ ಎನ್ನುತ್ತಾಳೆ. ಅವಳಿಗೆ ಈಗ ಐವತ್ತೆಂಟು. ವಾರದಲ್ಲಿ ನಾಲ್ಕು ದಿನ, ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ಅದೇ ಮಂಡಿಯ ಹಜಾರದಲ್ಲಿ ಕೂತು ಕೊಬ್ಬರಿ ಆರಿಸುತ್ತಾಳೆ.